ಹಾಬಿ ಅಂದ್ರೆ ಮೊದಲು ಕುದುರೆ

ಎಲ್ಲರಿಗೂ ನಮಸ್ಕಾರ. ಅಡುಗೆ ಕೆಲಸ ಈಗ ಮುಗೀತು, ಕೂತು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ. ಪುಟ್ಟಿ, ಸ್ಕೂಲ್ ಪ್ರಾಜೆಕ್ಟಿಗೆ ಹಾಬಿ ಅನ್ನೋ ಪದ ಎಲ್ಲಿಂದ ಬಂತು ಅಂತ ಬೆಳಿಗ್ಗೆ ಕೇಳಿದ್ಯಲ್ಲ? ಮಾವ ಹ್ಯಾಬಿಟ್‌ನಿಂದ ಬಂದಿರಬೇಕು ಅಂದ್ರು. ಕಿವಿಗೆ ಹಾಗೇ ಕೇಳುತ್ತೆ ಮಾವ, ಆದ್ರೆ ಎರಡಕ್ಕೂ ಸಂಬಂಧ ಇಲ್ಲ. ಹ್ಯಾಬಿಟ್ ಲ್ಯಾಟಿನ್ ಕಡೆಯದು. ಹಾಬಿ ಬಂದಿರೋದು ಕುದುರೆಯಿಂದ.

ಹಿಂದೆ ಇಂಗ್ಲೆಂಡಲ್ಲಿ ಸಣ್ಣ ಜಾತಿ ಕುದುರೆಗೆ ಹಾಬಿ ಅಂತಿದ್ರು. ರಾಬಿನ್ ಅನ್ನೋ ಹೆಸರನ್ನ ಮುದ್ದಿಗೆ ಹಾಬ್, ಹಾಬಿನ್ ಅಂತ ಕರೀತಿದ್ರು. ನಮ್ಮಲ್ಲಿ ಹಸುಗೆ ಗೌರಿ ಅಂತ ಹೆಸರಿಡೋ ಹಾಗೆ, ಅದೇ ಕುದುರೆಗೂ ಬಂತು.

ಆಮೇಲಿಂದು ಕೇಳು, ನನಗೆ ತುಂಬ ಇಷ್ಟವಾದದ್ದು. ಅಲ್ಲಿನ ಹಳ್ಳಿ ಹಬ್ಬಗಳಲ್ಲಿ ಮಾರಿಸ್ ಅಂತ ಒಂದು ಕುಣಿತ. ಅದರಲ್ಲಿ ಒಬ್ಬ ಕುದುರೆ ಆಕಾರದ ಚೌಕಟ್ಟಿನೊಳಗೆ ನಿಂತು, ಸುತ್ತ ಬಟ್ಟೆ ಇಳಿಬಿಟ್ಟು, ಸವಾರಿ ಮಾಡೋ ಹಾಗೆ ಕುಣೀತಾನೆ. ಅದಕ್ಕೆ ಹಾಬಿ ಹಾರ್ಸ್ ಅಂತ ಹೆಸರು. ಅರೆ, ನಮ್ಮ ಕೀಲುಕುದುರೆನೇ ಅಲ್ವಾ! ಬಿದಿರಿನ ಚೌಕಟ್ಟು, ಮೇಲೆ ಬಣ್ಣದ ಬಟ್ಟೆ, ರಾಜ ರಾಣಿ ವೇಷ, ದಸರಾ ಮೆರವಣಿಗೆಯಲ್ಲಿ ನೋಡ್ತೀವಲ್ಲ. ಒಂದು ಇನ್ನೊಂದರಿಂದ ಬಂತು ಅಂತ ನಾನು ಹೇಳ್ತಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಪ್ಯಾಡ್‌ಸ್ಟೋ ಅನ್ನೋ ಊರಲ್ಲಿ ಇವತ್ತಿಗೂ ಮೇ 1ಕ್ಕೆ ಅಂಥ ಕುದುರೆ ಬೀದಿಗೆ ಬರುತ್ತೆ. ದೊಡ್ಡ ದುಂಡನೆ ಚೌಕಟ್ಟು, ಮೇಲೆಲ್ಲ ಕಪ್ಪು ಬಟ್ಟೆ, ಜೊತೆಗೆ ಡ್ರಮ್ಮು, ಅಕಾರ್ಡಿಯನ್ನು, ಊರಿಗೆ ಊರೇ ಹಾಡುತ್ತೆ.

ಮಕ್ಕಳು ಕಾಲ ನಡುವೆ ಇಟ್ಕೊಂಡು ಓಡೋ, ತುದಿಗೆ ಕುದುರೆ ತಲೆ ಇರೋ ಕೋಲಿಗೂ ಹಾಬಿ ಹಾರ್ಸ್ ಅಂದ್ರು. 17ನೇ ಶತಮಾನದಲ್ಲಿ, ದೊಡ್ಡವರು ಮನಸ್ಸು ಕೊಟ್ಟು ಹಿಡಿದ ಇಷ್ಟದ ಕೆಲಸಕ್ಕೂ ಅದೇ ಮಾತು ಬಂತು. ಲಾರೆನ್ಸ್ ಸ್ಟರ್ನ್ 1759ರಿಂದ ಬರೆದ ಟ್ರಿಸ್ಟ್ರಮ್ ಶ್ಯಾಂಡಿ ಕಾದಂಬರಿಯಲ್ಲಿ ಟೋಬಿ ಅಂತ ಒಬ್ಬ ಗಾಯಗೊಂಡ ಸೈನಿಕ ಇದ್ದಾನೆ. ಹುಲ್ಲಿನ ಬಯಲಲ್ಲಿ ಪುಟ್ಟ ಪುಟ್ಟ ಕೋಟೆ ಕಟ್ತಾ ಕೂರ್ತಾನೆ. ಅದೇ ಅವನ ಹಾಬಿ ಹಾರ್ಸ್. 19ನೇ ಶತಮಾನದಲ್ಲಿ ಹಾರ್ಸ್ ಉದುರಿ ಹೋಗಿ ಬರೀ ಹಾಬಿ ಉಳೀತು.

ಅಣ್ಣಾ, ನಿನಗೂ ಒಂದು ಮಾತು. ಸ್ಟಾಂಪ್ ಕೂಡಿಟ್ರೆ ಪುಟ್ಟಿಗೆ ಏನು ಸಿಗುತ್ತೆ ಅಂತ ಕೇಳಿದ್ಯಲ್ಲ. ಕೋಲುಕುದುರೆ ಹತ್ತಿದ ಮಗು ಯಾವ ಊರಿಗೂ ಹೋಗಲ್ಲ, ಸವಾರಿಯ ಖುಷಿಗೇ ಓಡುತ್ತೆ. ಆ ಖುಷಿ ಅವಳಿಗಿರಲಿ ಬಿಡು, ಅದಕ್ಕೂ ಮಾರ್ಕ್ಸ್ ಲೆಕ್ಕ ಬೇಡ.

ಪುಟ್ಟಿ, ಹ್ಯಾಬಿಟ್ ಅಂತ ಬರೆದಿದ್ರೆ ಅಳಿಸು. ಒಂದು ಹಾಳೆಯಲ್ಲಿ ಪ್ಯಾಡ್‌ಸ್ಟೋ ಕುದುರೆ, ಪಕ್ಕದಲ್ಲೇ ಕೀಲುಕುದುರೆ ಬರಿ. ಮುಗಿದ ಮೇಲೆ ಫೋಟೋ ತೆಗೆದು ಇಲ್ಲೇ ಹಾಕು, ಅಜ್ಜಿಗೂ ತೋರಿಸ್ತೀನಿ.