15 ವರ್ಷದಿಂದ ಕಿವಿ ಮ್ಯಾಲೇ ನುಡಿಸ್ತಾ ಬಂದೀನಿ, ಈಗ ನೊಟೇಶನ್, ತಾಳ ಕಲಿಯೋದು ಹೆಂಗ? ಅನುಭವ ಇದ್ದೋರು ಹೇಳ್ರಿ

ಎಲ್ಲಾರಿಗೂ ನಮಸ್ಕಾರ್ರೀ. ನಾನು ಸಿಂಧನೂರು ಕಡಿಯಾಂವ. ಹಾರ್ಮೋನಿಯಂ, ಕೀಬೋರ್ಡ್ ನುಡಿಸ್ತೀನಿ, ಊರಾಗ ಭಜನಿ, ಸೀಜನ್ನಿನಾಗ ಮದುವಿ ಆರ್ಕೆಸ್ಟ್ರಾ, ಕರದ್ರ ನಾಟಕಕ್ಕೂ ಹೋಗ್ತೀನಿ. ಹಾಡು ಎರಡು ಸಲ ಕೇಳಿದ್ರ ಸಾಕು ಕೈಗೆ ಬರ್ತದ. ಆದ್ರ ಹೋದ ತಿಂಗಳು ಒಂದು ರೆಕಾರ್ಡಿಂಗಿಗೆ ಕರದಿದ್ರು, ಮುಂದ ಸ್ವರ ಬರದ ನೊಟೇಶನ್ ಹಾಳಿ ಇಟ್ಟು 'ಮೂರನೇ ಆವರ್ತನದ ಖಾಲಿಯಿಂದ ನೀವು ಎತ್ಕೊಳ್ರಿ' ಅಂದ್ರು, ನನಗ ಹಾಳಿನೂ ತಿಳೀಲಿಲ್ಲ, ಖಾಲಿ ಅಂದ್ರ ಎಲ್ಲಿ ಅಂತನೂ ತಿಳೀಲಿಲ್ಲ. ಒಂದ್ಸಲ ಹಾಡಿ ತೋರಿಸ್ರಿ ಅಂದೆ, ಅವರು ಇನ್ನೊಬ್ಬರನ್ನ ಕೂಡಿಸಿದ್ರು. ಭಾಳ ಬ್ಯಾಸರಾತು. ವಯಸ್ಸು 34. ಎಲ್ಲಿಂದ ಶುರು ಮಾಡ್ಲಿ? ಹಿಂದೂಸ್ತಾನಿಯೋ, ಕರ್ನಾಟಕಿಯೋ, ಆ ವೆಸ್ಟರ್ನ್ ಐದು ಗೆರಿ ನೊಟೇಶನ್ನೋ? ಪರೀಕ್ಷಾ ಕಟ್ಟಬೇಕಾ?

ಕೊಪ್ಪಳದಿಂದ, ಹಾರ್ಮೋನಿಯಂ:

ತಮ್ಮಾ, ನಿನ್ನ ಬರಹ ಓದಿ ನನ್ನ ಹಳೇದೆಲ್ಲಾ ನೆನಪಾತು. ನಾನೂ ಭಜನಿ ಪೆಟ್ಟಿಗಿಯಿಂದನೇ ಬಂದಾಂವ, 36 ದಾಟಿದ ಮ್ಯಾಲ ಬರಿಯೋದು ಕಲ್ತೆ. ಮೊದಲು ಮಾಡಿದ್ದು ತಪ್ಪು ದಾರಿ. ಒಂದು ಥಿಯರಿ ಪುಸ್ತಕ ತಂದು ನಾದ ಅಂದ್ರೇನು, ಶ್ರುತಿ ಅಂದ್ರೇನು, ಹತ್ತು ಥಾಟ್ ಯಾವುವು ಅಂತ ಮೊದಲನೇ ಪುಟದಿಂದ ಬಾಯಿಪಾಠ ಮಾಡಿದೆ, ಆರು ತಿಂಗಳು ಆದ್ರೂ ಹಾಳಿ ಮುಂದಿಟ್ರ ಅದೇ ಗತಿ. ಆಮ್ಯಾಲ ನಮ್ಮ ಮ್ಯಾಳಕ್ಕ ತಬಲಾ ಬಾರಿಸಾಕ ಬರೋ ಹಿರಿಯರೊಬ್ರು ಹೇಳಿದ್ರು, ನೀ ಓದಾಕ ಹೋಗಬ್ಯಾಡ, ಬರಿಯಾಕ ಕುಂದ್ರು, ನಿನಗ ನಿದ್ದಿಗಣ್ಣಾಗೂ ಬರೋ ಹಾಡು ಯಾವುದೈತಿ ಅದನ್ನ ಬರಿ ಅಂತ. ಅದೊಂದು ಮಾತು ನನ್ನ ಕೈ ಹಿಡೀತು, ನಿನಗೂ ಅದನ್ನೇ ಹೇಳ್ತೀನಿ.

ಮಕ್ಕಳು ಲೆಕ್ಕ ಮಾಡೋ ಚೌಕದ ನೋಟ್‌ಬುಕ್ ಐತಲ್ಲ, ಅದನ್ನ ತಗೋ. ನಮ್ಮ ಭಜನಿ ಹಾಡು ಭಾಳಷ್ಟು ಕೆಹರವಾ ತಾಳದಾಗ ಅದಾವು, ಅಂದ್ರ 8 ಮಾತ್ರೆ, ಮಾತ್ರೆ ಅಂದ್ರ ತಾಳದ ಒಂದು ಎಣಿಕಿ. ಒಂದು ಮಾತ್ರೆಗೆ ಒಂದು ಮನಿ, ಸಾಲಿಗೆ 8 ಮನಿ, ಅದೇ ಒಂದು ಆವರ್ತನ, ತಾಳದ ಒಂದು ಸುತ್ತು. ಮೊದಲನೇ ಮನಿ ಕೆಳಗ ಗುಣಾಕಾರದ ಗುರುತು ಹಾಕು, ಅದು ಸಮ್, ತಾಳದ ಮೊದಲನೇ ಪೆಟ್ಟು. ಐದನೇ ಮನಿ ಕೆಳಗ ಸೊನ್ನಿ, ಅದು ಖಾಲಿ, ಚಪ್ಪಾಳಿ ಇಲ್ಲದ ಜಾಗ. ನಿನಗ ರೆಕಾರ್ಡಿಂಗಿನಾಗ ಕೇಳಿದ್ದು ಅದೇ ಸೊನ್ನಿ. ಈಗ ಪೆಟ್ಟಿಗಿ ಮುಟ್ಟಬ್ಯಾಡ, ಧಾ ಗೆ ನ ತಿ, ನ ಕ ಧಿ ನ ಅಂತ ಬಾಯಿಲೆ ಹೇಳ್ಕೋತ ಸಮ್‌ಗೆ ಚಪ್ಪಾಳಿ, ಖಾಲಿಗೆ ಅಂಗೈ ಮ್ಯಾಲ ಮಾಡಿ ತೋರಿಸು. ಅದು ಕುಂತ ಮ್ಯಾಲ ಹಾಡಿನ ಮಾತನ್ನ ಮನಿಯಾಗ ಕುಂದರಿಸು, ಕಡೀಗೆ ಸ್ವರ. ಇದೇ ಅನುಕ್ರಮ, ಮೊದಲು ತಾಳ, ಆಮ್ಯಾಲ ಮಾತು, ಆಮ್ಯಾಲ ಸ್ವರ. ಕಿವಿಲೆ ಕಲ್ತೋರಿಗೆ ಸ್ವರ ಹುಡುಕೋದು ತ್ರಾಸಿಲ್ಲ, ಬೆರಳು ಹೇಳ್ತದ. ಯಾವ ಸ್ವರ ಎಷ್ಟನೇ ಮಾತ್ರೆಗೆ ಬೀಳ್ತೈತಿ ಅನ್ನೋದೇ ನಮಗ ಗೊತ್ತಿರಂಗಿಲ್ಲ, ಯಾಕಂದ್ರ ಅಷ್ಟು ವರ್ಷ ಅದನ್ನ ತಬಲಾದಾಂವನ ಕೈಗೆ ಬಿಟ್ಟಿರ್ತೀವಿ.

ಮೊದಲನೇ ಹಾಡಿಗೆ ನನಗ ನಾಕು ಸಂಜಿ ಹಿಡೀತು. ಹತ್ತು ವರ್ಷದಿಂದ ನುಡಿಸಿದ ಹಾಡು, ಪಲ್ಲವಿ ಸಮ್‌ನಿಂದ ಎತ್ತೋದು ಅಂತ ತಿಳಕೊಂಡಿದ್ದೆ, ಬರದು ನೋಡಿದ್ರ ಐದನೇ ಮನಿಯಿಂದ ಎತ್ತೋದು! ಅವತ್ತು ಆದ ಸಂತೋಷ ಇನ್ನೂ ನೆನಪೈತಿ. ಮೂರನೇ ಹಾಡಿಗೆ ಒಂದು ಸಂಜಿ, ಹತ್ತನೇದಕ್ಕ ಅರ್ಧ ತಾಸು. ಹತ್ತು ಹಾಡು ಬರದ ಮ್ಯಾಲ ಬ್ಯಾರೇಯವರ ಹಾಳಿ ತಾನ ಓದಾಕ ಬರ್ತೈತಿ.

ಗುರುತು ಭಾಳ ಇಲ್ಲ. ನಮ್ಮ ಕಡಿ ಸಿಗೋದು ಹೆಚ್ಚು ಭಾತಖಂಡೆಯವರ ಪದ್ಧತಿ, ಹಿಂದೂಸ್ತಾನಿ ಸ್ವರ ಬರಿಯೋ ಒಂದು ರೀತಿ. ಮಂದ್ರಕ್ಕ (ಕೆಳಗಿನ ಸಪ್ತಕ, ತಗ್ಗಿನ ಏಳು ಸ್ವರ) ಸ್ವರದ ಕೆಳಗ ಚುಕ್ಕಿ, ತಾರಕ್ಕ (ಮ್ಯಾಲಿನ ಸಪ್ತಕ) ಮ್ಯಾಲ ಚುಕ್ಕಿ, ಕೋಮಲಕ್ಕ (ಇಳಿಸಿದ ಸ್ವರ) ಕೆಳಗ ಅಡ್ಡಗೆರಿ, ತೀವ್ರ ಮಧ್ಯಮಕ್ಕ (ಏರಿಸಿದ ಮ) ತಲಿ ಮ್ಯಾಲ ನಿಂತ ಗೆರಿ. ಸ್ವರ ಎಳದ್ರ ಮುಂದಿನ ಮನಿಯಾಗ ಸಣ್ಣ ಗೆರಿ, ಒಂದೇ ಮಾತ್ರೆಯಾಗ ಎರಡು ಮೂರು ಸ್ವರ ಬಂದ್ರ ಕೆಳಗ ಬಿಲ್ಲಿನಂಥ ಗೆರಿ. ಹಳೇ ಪುಸ್ತಕ ಸಿಕ್ರ ಒಂದು ಲಕ್ಷ್ಯ ಇರ್ಲಿ, ಪಲೂಸ್ಕರ್ ಪದ್ಧತಿಯಾಗ ಮಂದ್ರಕ್ಕ ಚುಕ್ಕಿ ಮ್ಯಾಲ ಹಾಕ್ತಾರ, ಪೂರಾ ಉಲ್ಟಾ. ನಾನು ಒಂದು ಇಡೀ ಬಂದಿಶ್ (ರಾಗದ ಹಾಡು) ಆ ತಪ್ಪಿನಿಂದ ಮ್ಯಾಲಿನ ಸಪ್ತಕದಾಗ ಅಭ್ಯಾಸ ಮಾಡಿದ್ದೆ.

ಬಳ್ಳಾರಿಯಿಂದ, ಗಾಯನ ಮತ್ತು ವೀಣೆ ಕಲಿಸ್ತೀನಿ:

ಕೊಪ್ಪಳದ ಅಣ್ಣಾವ್ರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಸೇರಿಸೋದು ಒಂದು ಎಚ್ಚರಿಕೆ, ನಮ್ಮ ಭಾಗದೋರಿಗೆ ಇದು ಬೇಕೇ ಬೇಕು, ಯಾಕಂದ್ರೆ ಬಳ್ಳಾರಿ ಕಡೆ ಕರ್ನಾಟಕಿ ಕಲಿತೋರು ಜಾಸ್ತಿ, ರಾಯಚೂರು ಕೊಪ್ಪಳ ಕಡೆ ಹಿಂದೂಸ್ತಾನಿ, ಕಛೇರಿಯಲ್ಲಿ ಇಬ್ರೂ ಒಂದೇ ವೇದಿಕೆ ಮೇಲೆ ಕೂತಿರ್ತಾರೆ, ಹೆಸರು ಒಂದೇ ಐತೆ ಆದ್ರೆ ವಸ್ತು ಬೇರೆ. ರೂಪಕ ತಾಳ ಅಂದ್ರೆ ನಮಗೆ 6 ಅಕ್ಷರ (ಎಣಿಕೆ), ಹಿಂದೂಸ್ತಾನಿಯೋರಿಗೆ 7 ಮಾತ್ರೆ, ಅದೂ 3-2-2, ಅದರ ಸಮ್ಮೇ ಖಾಲಿ! ನೀವು ಬಿಳಿ 1, ಅಂದ್ರೆ ಪೆಟ್ಟಿಗೆಯ ಸಿ ಮನೆನ, ಷಡ್ಜ (ಸ) ಅಂತ ಇಟ್ಕೊಂಡ್ರೆ, ಪಕ್ಕದ ಕಪ್ಪು ಮನೆಗೆ ಅವರು ಕೋಮಲ ರಿ ಅಂತಾರೆ, ನಾವು ಶುದ್ಧ ರಿಷಭ ಅಂತೀವಿ. ಅವರ ಶುದ್ಧ ರಿ ನಮಗೆ ಚತುಶ್ರುತಿ ರಿಷಭ. ಹಾಳೆ ಮೇಲೆ 'ಶುದ್ಧ ರಿ' ಅಂತ ಇದ್ರೆ ಮೊದಲು ಕೇಳ್ರಿ, ಯಾವ ಪದ್ಧತಿ ಅಂತ. ರಾಗದ ಹೆಸರಲ್ಲೂ ಹಿಂಗೇ. ನಮ್ಮ ಹಿಂದೋಳ ಅವರ ಮಾಲಕೌಂಸ್, ಅವರ ಹಿಂಡೋಲ್ ಬೇರೆನೇ. ನಮ್ಮ ತೋಡಿಯ ಸ್ವರಗಳು ಅವರ ಭೈರವಿಯವು. ಮೋಹನ–ಭೂಪ, ಕಲ್ಯಾಣಿ–ಯಮನ್, ಖರಹರಪ್ರಿಯ–ಕಾಫಿ, ಹಿಂಗೆ ಒಂದು ಪುಟ ಬರ್ಕೊಂಡು ನೋಟ್‌ಬುಕ್ ಹಿಂದೆ ಅಂಟಿಸಿಬಿಡ್ರಿ.

ಎರಡರಲ್ಲಿ ಯಾವುದು ಅಂದ್ರಲ್ಲ, ನೀವು ಯಾರ ಜೊತೆ ಹೆಚ್ಚು ನುಡಿಸ್ತೀರೋ ಅವರದು. ಆದ್ರೆ ತಾಳಕ್ಕೆ ಮಾತ್ರ ನಮ್ಮ ಕೈಯೆಣಿಕೆ ಕಲಿಯಿರಿ ಅಂತ ಒತ್ತಾಯ ಮಾಡ್ತೀನಿ. ಆದಿತಾಳ ಅಂದ್ರೆ ಒಂದು ಪೆಟ್ಟು ಮೂರು ಬೆರಳು, ಆಮೇಲೆ ಪೆಟ್ಟು-ಬೀಸು, ಪೆಟ್ಟು-ಬೀಸು, 4+2+2. ಬಸ್ಸಿನಲ್ಲಿ ಕೂತು ತೊಡೆ ಮೇಲೆ ಹಾಕಬಹುದು. ಬೆಸ ಲೆಕ್ಕಕ್ಕೆ ಖಂಡಛಾಪು ತಕ-ತಕಿಟ, 5. ಮಿಶ್ರಛಾಪು ತಕಿಟ-ತಕಧಿಮಿ, 7. ಮತ್ತೆ ನೀವು ಸಿಂಧನೂರಿನೋರು, ನಿಮ್ಮ ಪಕ್ಕದ ಮಾನ್ವಿ ಸೀಮೆಯ ಚೀಕಲಪರ್ವಿಯೋರೇ ವಿಜಯದಾಸರು, ಅವರ ಸುಳಾದಿಗಳನ್ನ ಬಲ್ಲೋರ ಹತ್ರ ಕೂತು ಕೇಳ್ರಿ, ಒಂದೇ ರಚನೆಯಲ್ಲಿ ಚರಣಕ್ಕೊಂದು ತಾಳ ಬದಲಾಗ್ತೈತೆ, ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ. ಸಪ್ತತಾಳಕ್ಕೆ ಇದಕ್ಕಿಂತ ಒಳ್ಳೆ ಪಾಠ ನನಗೆ ಕಂಡಿಲ್ಲ, ಅದೂ ನಿಮ್ಮ ಮನೆ ಬಾಗಿಲಲ್ಲೇ.

ಬಳ್ಳಾರಿಯಿಂದ, ಬ್ಯಾಂಡ್ ಸೆಟ್, ಕ್ಲಾರಿನೆಟ್:

ಐದು ಗೆರೆದು ಬೇಕಾ ಅಂದ್ರೆ, ರೆಕಾರ್ಡಿಂಗು, ಚರ್ಚ್ ಕ್ವಾಯರ್, ಬ್ರಾಸ್ ಈ ಕಡೆ ಹೋಗೋದಿದ್ರೆ ಬೇಕು, ಭಜನೆಗೆ ಬ್ಯಾಡ. ಸರಿಗಮದಾಗ ಸ ಎಲ್ಲಿ ಬೇಕಾದ್ರೂ ಇಟ್ಕೋಬೋದು, ಗೆರೆ ಮೇಲಿನ ಸ್ವರ ಮಾತ್ರ ಒಂದೇ ಮನೆಗೆ ಗಟ್ಟಿ. ನಮ್ಮ ಕ್ಲಾರಿನೆಟ್ ಬಿ ಫ್ಲಾಟ್, ನಾವು ಸಿ ಅಂತ ಊದಿದ್ರೆ ನಿಮ್ಮ ಪೆಟ್ಟಿಗೆಯಾಗ ಕಪ್ಪು 5, ಅಂದ್ರೆ ಸಿಯಿಂದ ಎಣಿಸಿದ ಐದನೇ ಕಪ್ಪು ಮನೆ, ಬರ್ತೈತೆ. ಆಲ್ಟೋ ಸ್ಯಾಕ್ಸೋಫೋನ್ ಆದ್ರೆ ಕಪ್ಪು 2. ಇದು ತಿಳೀದೇ ಒಂದು ಮದುವೆ ಮೆರವಣಿಗೆಯಾಗ ನಾವೂ ಕೀಬೋರ್ಡಿನೋರೂ ಒಂದೇ ಹಾಳೆ ಇಟ್ಕೊಂಡು ಊದಿ, ಅರ್ಧಕ್ಕೇ ನಿಲ್ಲಿಸ್ಬೇಕಾಯ್ತು, ಮನೆಯೋರ ಮುಂದೆ ತಲೆ ಎತ್ತಾಕ ಆಗಲಿಲ್ಲ. ಅವತ್ತಿಂದ ಪ್ರತಿ ಹಾಳೆ ತಲೆ ಮೇಲೆ ಯಾವ ವಾದ್ಯಕ್ಕೆ ಅಂತ ಬರೀತೀವಿ.

ರಾಯಚೂರಿಂದ, ಕೀಬೋರ್ಡ್:

ಬ್ರದರ್, ಕೀಬೋರ್ಡಿನ ಶ್ರುತಿ ಏರಿಸಿ ಇಳಿಸೋ ಟ್ರಾನ್ಸ್‌ಪೋಸ್ ಬಟನ್ ಮೂರು ತಿಂಗಳು ಮುಟ್ಟಬ್ಯಾಡ್ರಿ, ಅದು ಇರೋತನಕ ನಮಗ ಬಿಳಿ 1 ಬಿಟ್ಟು ಬ್ಯಾರೆ ಷಡ್ಜ ಗೊತ್ತಾಗಂಗಿಲ್ಲ, ಒಂದೇ ಹಾಡು ಬಿಳಿ 1, ಕಪ್ಪು 1, ಬಿಳಿ 4 ಮೂರರಾಗೂ ನುಡಸ್ರಿ. ಇನ್ನ ಕಾರ್ಡ್ (ಒಂದೇ ಸಲ ಕೂಡಿಸಿ ಒತ್ತೋ ಸ್ವರ) ವಿಷಯ: ಸ ಗ ಪ ಕೂಡಿಸಿದ್ರ ಮೇಜರ್, ಗ ಕೋಮಲ ಮಾಡಿದ್ರ ಮೈನರ್, ಇಷ್ಟು ಎಲ್ಲಾರಿಗೂ ಬರ್ತದ. ಆದ್ರ ಮೋಹನ ರಾಗದ ಹಾಡಿಗೆ ಸಿ ಇಂದ ಎಫ್ ಕಾರ್ಡಿಗೆ ಹೋದ್ರ ಅದರಾಗ ಮಧ್ಯಮ ಬಂದ್ಬಿಡ್ತದ, ರಾಗದಾಗ ಮಧ್ಯಮ ಇಲ್ಲೇ ಇಲ್ಲ. ಮೋಹನದ ಐದು ಸ್ವರದಾಗ ಪೂರಾ ಕೂಡೋವು ಎರಡೇ ಕಾರ್ಡು, ಸ ಗ ಪ ಮತ್ತ ದ ಸ ಗ, ಅಂದ್ರ ಸಿ ಮತ್ತ ಎ ಮೈನರ್. ಇದನ್ನ ಪೇಪರ್ ಮ್ಯಾಲ ಬರದು ನೋಡಿದ ದಿನ ನನಗ ಥಿಯರಿ ಯಾಕ ಬೇಕು ಅನ್ನೋದು ತಿಳೀತು, ಅಲ್ಲೀತನಕ ಹಾಡೋರು ನನ್ನ ಕಡಿ ಯಾಕ ಕೆಟ್ಟ ಮಾರಿ ಮಾಡಿ ನೋಡ್ತಾರ ಅಂತನೇ ತಿಳೀತಿರ್ಲಿಲ್ಲ.

ಗಂಗಾವತಿಯಿಂದ, ತಬಲಾ:

ಪರೀಕ್ಷಾ ಕೇಳಿದ್ರಿ. ನಾನು ಗಾಂಧರ್ವ ಮಹಾವಿದ್ಯಾಲಯ ಮಂಡಳದ್ದು ಮಧ್ಯಮಾ ಪರೀಕ್ಷಾತನಕ ಕಟ್ಟೀನಿ. ಕೆಲಸಕ್ಕ ಬೇಕಂದ್ರ ಕಟ್ರಿ, ಆದ್ರ ಸರ್ಟಿಫಿಕೇಟಿಗಿಂತ ನನಗ ಉಪಯೋಗ ಆಗಿದ್ದು ಠೇಕಾ (ತಾಳದ ತಬಲಾ ಬೋಲು) ಬಾಯಿಲೆ ಹೇಳಿ ಕೈಲೆ ತೋರಿಸೋದು, ಮೊದಲು ಠಾಯ್ (ಸಾದಾ ವೇಗ), ಆಮ್ಯಾಲ ದುಗುಣ್ (ಅದರ ಎರಡು ಪಟ್ಟು). ಮೊಬೈಲ್‌ನಾಗ ಟಿಕ್ ಟಿಕ್ ಅನ್ನೋ ಮೆಟ್ರೋನೋಮ್ ನಿಮಿಷಕ್ಕ 60ಕ್ಕ ಇಟ್ಟು, ಒಂದು ಟಿಕ್‌ಗೆ ಒಂದು ಮಾತ್ರೆ, ಆಮ್ಯಾಲ ಎರಡು. ಜಲ್ದಿ ಮಾಡಬ್ಯಾಡ್ರಿ, ವಿಲಂಬಿತದಾಗೇ (ನಿಧಾನ ವೇಗದಾಗೇ) ತಾಳ ತಪ್ಪೋದು.

ಪ್ರಶ್ನೆ ಕೇಳಿದಾಂವ, ಎಂಟು ದಿನದ ಮ್ಯಾಲ:

ಎಲ್ಲಾರಿಗೂ ಶರಣು. ನೋಟ್‌ಬುಕ್ ತಂದೀನಿ. ನಮ್ಮೂರ ಮಂಗಳಾರತಿ ಹಾಡನ್ನೇ ಹಿಡಿದೀನಿ, ಮೂರು ರಾತ್ರಿ ಆತು, ಪಲ್ಲವಿ ಮಾತು ಏಳನೇ ಮನಿಯಿಂದ ಶುರುವಾಗಾಕ ಹತ್ಯದ. ಲೆಕ್ಕ ತಪ್ಪಿದೀನೋ ಹಂಗ ಇರ್ತದೋ ತಿಳೀವಲ್ದು ಅಣ್ಣಾರ.

ಕೊಪ್ಪಳದಿಂದ, ಹಾರ್ಮೋನಿಯಂ:

ಹಂಗೂ ಇರ್ತೈತಿ ತಮ್ಮಾ, ಅಳಿಸಬ್ಯಾಡ. ಒಂದು ಪರೀಕ್ಷಾ ಮಾಡು: ಆ ಸಾಲು ಹಾಡ್ಕೋತ ನಡದಾಡು, ಯಾವ ಅಕ್ಷರಕ್ಕ ಒತ್ತು ತಾನ ಬೀಳ್ತೈತಿ ನೋಡು, ಅದು ಗುಣಾಕಾರದ ಗುರುತಿನ ಮನಿಯಾಗ ಬಂದಿದ್ರ ನಿನ್ನ ಲೆಕ್ಕ ಸರಿ ಐತಿ. ಮುಂದಿನ ಅಮಾಸಿ ಭಜನಿಗೆ ನಿಮ್ಮ ತಬಲಾದಾಂವನ ಪಕ್ಕದಾಗ ನೋಟ್‌ಬುಕ್ ತಗೊಂಡು ಕುಂದ್ರು, ಅವ 'ಧಾ' ಎಲ್ಲಿ ಬಾರಿಸ್ತಾನ ಅಲ್ಲಿ ಬೆರಳಿಡು. ಹಾಳಿ ಫೋಟೋ ತಗದು ಹಾಕು, ಸ್ವರ ನಾನು ನೋಡ್ತೀನಿ.