ಓಡಿಸದೆ ನಿಲ್ಲಿಸಿದ ಸ್ಕೂಟರಿನ ಬ್ಯಾಟರಿ ಏಕೆ ಕುಗ್ಗುತ್ತದೆ?

ಪ್ರಶ್ನೆ (ಕಲಬುರಗಿಯಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಎಲೆಕ್ಟ್ರಿಕ್ ಸ್ಕೂಟರಿಗೆ ನಾಲ್ಕು ವರ್ಷ ತುಂಬಿದೆ. ಹೊಸದರಲ್ಲಿ ಒಂದು ಪೂರ್ತಿ ಚಾರ್ಜಿಗೆ 85 ಕಿ.ಮೀ. ಓಡುತ್ತಿದ್ದ ಗಾಡಿ ಈಗ 68 ಕಿ.ಮೀ.ಗೆ ನಿಲ್ಲುತ್ತಿದೆ. ಇದುವರೆಗೆ ಓಡಿರುವುದು 14,000 ಕಿ.ಮೀ. ಮಾತ್ರ. ನಾನು ಶಾಲಾ ಶಿಕ್ಷಕನಾದ್ದರಿಂದ ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಗಾಡಿಯನ್ನು ಹೊರಗೆ ತೆಗೆಯುವುದೇ ಅಪರೂಪ. ಬೇಕಾದಾಗ ಸಿದ್ಧವಿರಲಿ ಎಂದು ಪೂರ್ತಿ ಚಾರ್ಜ್ ಮಾಡಿ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿರುತ್ತೇನೆ. ದಿನವೂ ದೂರ ಓಡಿಸುವವರ ಬ್ಯಾಟರಿ ಸವೆದರೆ ಅರ್ಥವಾಗುತ್ತದೆ, ಇಷ್ಟು ಜೋಪಾನವಾಗಿಟ್ಟ ನನ್ನದು ಏಕೆ ಸವೆಯಿತು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ಗುರುಗಳೇ, 14,000ವನ್ನು 85ರಿಂದ ಭಾಗಿಸಿದರೆ ಸುಮಾರು 165 ಪೂರ್ಣ ಚಾರ್ಜ್ ಎಂದಾಗುತ್ತದೆ. ಒಳ್ಳೆಯ ಸೆಲ್‌ಗಳು ಹಲವು ನೂರು ಚಾರ್ಜುಗಳನ್ನು ತಡೆದುಕೊಳ್ಳುವುದರಿಂದ, ನಿಮ್ಮ ನಷ್ಟದ ಬಹುಪಾಲು ಆ ಶೆಡ್ಡಿನಲ್ಲಿ ನಿಂತಾಗಲೇ ಆಗಿರಬೇಕು.

ಸೆಲ್ಲಿನೊಳಗಿನ ಗ್ರಾಫೈಟ್ ವಿದ್ಯುದ್ವಾರದ ಮೇಲೆ, ಕಾರ್ಖಾನೆಯಲ್ಲಿ ಮೊದಲ ಬಾರಿ ಚಾರ್ಜ್ ಮಾಡುವಾಗಲೇ, ಎಸ್‌ಇಐ ಎಂಬ ಅತಿ ತೆಳುವಾದ ಪದರ ಕಟ್ಟಿಕೊಳ್ಳುತ್ತದೆ. ಈ ಪದರವಿಲ್ಲದಿದ್ದರೆ ಅಯಾನುಗಳು ಸಾಗುವ ಎಲೆಕ್ಟ್ರೋಲೈಟ್ ದ್ರವ ಗ್ರಾಫೈಟಿಗೆ ತಗುಲಿ ಒಡೆಯುತ್ತಲೇ ಇರುತ್ತದೆ, ಹಾಗಾಗಿ ಅದು ಬೇಕೇ ಬೇಕು. ಆದರೆ ಅದು ಅಲ್ಲಿಗೇ ನಿಲ್ಲದೆ ವರ್ಷವರ್ಷಕ್ಕೂ ನಿಧಾನವಾಗಿ ದಪ್ಪಗಾಗುತ್ತಾ, ವಿದ್ಯುದ್ವಾರಗಳ ನಡುವೆ ಚಾರ್ಜ್ ಹೊತ್ತು ಓಡಾಡಬೇಕಾದ ಲಿಥಿಯಂ ಅಯಾನುಗಳನ್ನು ತನ್ನಲ್ಲೇ ಕಟ್ಟಿಹಾಕಿಕೊಳ್ಳುತ್ತದೆ. ಹಾಗೆ ಸಿಕ್ಕಿಬಿದ್ದ ಲಿಥಿಯಂ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಗಾಡಿ ನಿಂತಿದ್ದರೂ ಈ ಕ್ರಿಯೆ ನಿಲ್ಲುವುದಿಲ್ಲ, ಶಾಖ ಹೆಚ್ಚಿದಷ್ಟೂ ಅದರ ವೇಗ ಹೆಚ್ಚುತ್ತದೆ. ಪೂರ್ತಿ ಚಾರ್ಜ್ ಆದ ಸೆಲ್ಲಿನಲ್ಲಿ ಗ್ರಾಫೈಟ್ ಲಿಥಿಯಂ ತುಂಬಿಕೊಂಡು ಹೆಚ್ಚು ಚುರುಕಾಗಿರುತ್ತದೆ, ಇನ್ನೊಂದು ವಿದ್ಯುದ್ವಾರದಲ್ಲಿ ಹೆಚ್ಚಿನ ವೋಲ್ಟೇಜು ಎಲೆಕ್ಟ್ರೋಲೈಟನ್ನು ಹಾಳುಮಾಡುತ್ತಿರುತ್ತದೆ. ಮೇ ತಿಂಗಳಲ್ಲಿ ನಿಮ್ಮೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ಕೆಳಗೆ ಇನ್ನೂ ಹೆಚ್ಚು. ಶಾಖ, ಪೂರ್ತಿ ಚಾರ್ಜ್ ಎರಡೂ ವಾರಗಟ್ಟಲೆ ಒಟ್ಟಿಗೇ ಇದ್ದುದು ಬ್ಯಾಟರಿಗೆ ಭಾರವಾಗಿದೆ. ಒಂದು ಸಮಾಧಾನವೆಂದರೆ, ಪದರ ದಪ್ಪಗಾದಂತೆ ಅದರ ಬೆಳವಣಿಗೆ ತಾನಾಗಿಯೇ ನಿಧಾನವಾಗುವುದರಿಂದ, ಮೊದಲ ನಾಲ್ಕು ವರ್ಷಗಳಷ್ಟೇ ಇಳಿತ ಮುಂದಿನ ನಾಲ್ಕು ವರ್ಷಗಳಲ್ಲೂ ಆಗಬೇಕೆಂದಿಲ್ಲ.

ಉತ್ತರ 2

ಇದೇ ಪಾಠವನ್ನು ಅಮೆರಿಕದ ಅರಿಜೋನಾ ಮರುಭೂಮಿ ಹಿಂದೆಯೇ ಕಲಿಸಿತ್ತು. ನಿಸ್ಸಾನ್ ಲೀಫ್ ಕಾರಿನ ಬ್ಯಾಟರಿಗೆ ದ್ರವದಿಂದ ತಂಪು ಮಾಡುವ ವ್ಯವಸ್ಥೆ ಇರಲಿಲ್ಲ. 2012ರ ಬೇಸಿಗೆಯಲ್ಲಿ ಫೀನಿಕ್ಸ್ ಸುತ್ತಮುತ್ತಲಿನ ಮಾಲೀಕರು, ಕಾರು ಕೊಂಡು ಎರಡು ವರ್ಷವೂ ಆಗದಿರುವಾಗಲೇ, ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಸಾಮರ್ಥ್ಯ ತೋರಿಸುವ 12 ಪಟ್ಟಿಗಳಲ್ಲಿ ಒಂದೊಂದೇ ಮಾಯವಾಗುವುದನ್ನು ಕಂಡು ದೂರಿದರು. ಆ ಬಳಿಕ ಕಂಪನಿಯು ಐದು ವರ್ಷ ಅಥವಾ 60,000 ಮೈಲಿಯೊಳಗೆ ಪಟ್ಟಿಗಳು 9ಕ್ಕಿಂತ ಕೆಳಗಿಳಿದರೆ ದುರಸ್ತಿ ಮಾಡಿಕೊಡುವ ವಾರಂಟಿಯನ್ನು ಘೋಷಿಸಿತು.

ಉತ್ತರ 3

ಮೊದಲ ಉತ್ತರಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕು. ಅದನ್ನು ಓದಿದವರು ಇನ್ನು ಮುಂದೆ ಎಂದೂ 100ಕ್ಕೆ ಚಾರ್ಜ್ ಮಾಡಬಾರದು ಎಂದುಕೊಂಡರೆ ತಪ್ಪಾಗುತ್ತದೆ. ಬ್ಯಾಟರಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯದಾಗಿದ್ದರೆ ಅದರ ವೋಲ್ಟೇಜು ಬಹುಪಾಲು ಒಂದೇ ಮಟ್ಟದಲ್ಲಿರುವುದರಿಂದ, ಆಗಾಗ ಪೂರ್ತಿ ತುಂಬಿಸದಿದ್ದರೆ ಎಷ್ಟು ಚಾರ್ಜ್ ಉಳಿದಿದೆಯೆಂಬ ಲೆಕ್ಕವೇ ಬಿಎಂಎಸ್‌ಗೆ (ಬ್ಯಾಟರಿಯ ಮೇಲೆ ನಿಗಾ ಇಡುವ ಎಲೆಕ್ಟ್ರಾನಿಕ್ ವ್ಯವಸ್ಥೆಗೆ) ತಪ್ಪಿಹೋಗುತ್ತದೆ. ತುಂಬಿಸಿ ಓಡಿಸುವುದರಿಂದ ತೊಂದರೆಯಿಲ್ಲ, ತುಂಬಿಸಿ ಬಿಸಿಲಲ್ಲಿ ಬಿಡುವುದು ಕೆಟ್ಟದ್ದು. ಅಂದಹಾಗೆ, ಟಯರಿನ ಗಾಳಿ ಕಡಿಮೆಯಾದರೂ ಮೈಲೇಜ್ ಬೀಳುತ್ತದೆ, ಅದನ್ನು ಮೊದಲು ನೋಡಿ. ನಿಜವಾದ ಸಾಮರ್ಥ್ಯ ತಿಳಿಯಬೇಕಾದರೆ ಪ್ಲಗ್ಗಿಗೂ ಚಾರ್ಜರಿಗೂ ನಡುವೆ ಯೂನಿಟ್ ಅಳೆಯುವ ಮೀಟರ್ ಇಟ್ಟು, ಗಾಡಿ ಶೇ. 10ರಿಂದ 100ಕ್ಕೆ ಬರುವಷ್ಟರಲ್ಲಿ ಎಷ್ಟು ವಿದ್ಯುತ್ ಎಳೆಯಿತೆಂದು ಬರೆದಿಟ್ಟುಕೊಳ್ಳಿ. ಆರು ತಿಂಗಳಿಗೊಮ್ಮೆ ಹೀಗೆ ಅಳೆದರೆ ಇಳಿತದ ಗತಿ ಸ್ಪಷ್ಟವಾಗುತ್ತದೆ.

ಪ್ರಶ್ನಿಸಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಟಯರಿನ ಗಾಳಿ ಸರಿಯಾಗಿದೆ, ಬ್ಯಾಟರಿ ಎಲ್‌ಎಫ್‌ಪಿ ಅಲ್ಲ, ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ) ಬಗೆಯದೆಂದು ಕೈಪಿಡಿಯಲ್ಲಿದೆ. ಗಾಡಿಯನ್ನು ಇಂದೇ ಶೆಡ್ಡಿನಿಂದ ಬೇವಿನ ಮರದ ನೆರಳಿರುವ ಪಡಸಾಲೆಗೆ ತಂದು, ಚಾರ್ಜನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ಮೀಟರ್ ತಂದು ಅಳೆದ ಲೆಕ್ಕವನ್ನು ದೀಪಾವಳಿಯ ಹೊತ್ತಿಗೆ ಇಲ್ಲೇ ಬರೆಯುತ್ತೇನೆ.