ಬಾಬೆಲಿನ ಸೆರೆವಾಸ, ಮರಳುವಿಕೆ ಮತ್ತು ನಮ್ಮ ವಿಶ್ವಾಸ

ಪ್ರಶ್ನೆ (ಶಿವಮೊಗ್ಗದಿಂದ)

ಎಲ್ಲರಿಗೂ ವಂದನೆಗಳು. ಹಲವು ವರ್ಷ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಅಷ್ಟು ಕಾಲವೂ ಸಭೆ ಮತ್ತು ಪ್ರಾರ್ಥನೆಗಳಿಂದ ದೂರವೇ ಉಳಿದಿದ್ದ ನಾನು, ಈಗ ತಾಯಿಯನ್ನು ನೋಡಿಕೊಳ್ಳಲು ಊರಿಗೆ ಮರಳಿದ್ದೇನೆ. ಭಾನುವಾರದ ಆರಾಧನೆಯನ್ನು ತಪ್ಪಿಸುವುದಿಲ್ಲ. ಆದರೂ ಬಾಲ್ಯದಲ್ಲಿದ್ದ ಭರವಸೆ ಮನಸ್ಸಿಗೆ ಮರಳಿಲ್ಲ. ನಮ್ಮ ಸಭೆಯ ಅಧ್ಯಯನದಲ್ಲಿ ಸದ್ಯ ಬೈಬಲಿನ ಎಜ್ರನ ಗ್ರಂಥ ನಡೆಯುತ್ತಿದೆ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನ ಅರಸ ನೆಬೂಕದ್ನೆಚ್ಚರನ ಸೈನ್ಯವು ಯೆರೂಸಲೇಮಿನ ದೇವಾಲಯವನ್ನು ಸುಟ್ಟು ಯೆಹೂದ್ಯ ಜನರನ್ನು ಬಾಬೆಲಿಗೆ ಒಯ್ದದ್ದು ಪಾಪದ ದಂಡನೆ, ಕ್ರಿ.ಪೂ. 539ರಲ್ಲಿ ಬಾಬೆಲನ್ನು ಗೆದ್ದ ಪಾರಸಿಯ ಅರಸ ಕೋರೆಷನು ಅವರನ್ನು ಮರಳಲು ಬಿಟ್ಟದ್ದು ದೇವರ ಕ್ಷಮೆ ಎಂದು ಅಲ್ಲಿ ವಿವರಿಸಿದರು. ಹಾಗಾದರೆ ಮರಳಿದವರಿಗೆ ಎಲ್ಲವೂ ಮೊದಲಿನಂತೆಯೇ ಆಗಬೇಕಿತ್ತಲ್ಲವೇ? ನನಗೇಕೆ ಆಗುತ್ತಿಲ್ಲ?

ಉತ್ತರ (ಭದ್ರಾವತಿಯಿಂದ)

ಸಹೋದರಿ, ಅವರಿಗೂ ಮೊದಲಿನಂತೆ ಆಗಲಿಲ್ಲ. ಎಜ್ರನ ಮೂರನೆಯ ಅಧ್ಯಾಯದ ಕೊನೆಯನ್ನು ನಿಧಾನವಾಗಿ ಓದಿರಿ. ಹೊಸ ದೇವಾಲಯಕ್ಕೆ ಅಸ್ತಿವಾರ ಹಾಕಿದ ದಿನ ಕಿರಿಯರು ಹರ್ಷದಿಂದ ಆರ್ಭಟಿಸುತ್ತಿದ್ದರೆ, ಹಿಂದಿನ ಆಲಯವನ್ನು ಕಣ್ಣಾರೆ ಕಂಡಿದ್ದ ವೃದ್ಧರು ಗಟ್ಟಿಯಾಗಿ ಅತ್ತರು. ಅಳು ಯಾವುದು, ಹರ್ಷಧ್ವನಿ ಯಾವುದು ಎಂದು ಗುರುತಿಸಲಾಗಲಿಲ್ಲ. ಅತ್ತವರಿಗೆ ವಿಶ್ವಾಸ ಸಾಲದೆಂದು ಆ ಗ್ರಂಥ ಎಲ್ಲಿಯೂ ಗದರಿಸುವುದಿಲ್ಲ. ಮುಂದೆ ನೆರೆಯವರ ವಿರೋಧದಿಂದ ಕೆಲಸ ನಿಂತು, ಜನರು ತಮ್ಮ ತಮ್ಮ ಮನೆಗಳ ಚಿಂತೆಯಲ್ಲಿ ಮುಳುಗಿದರು. ಕ್ರಿ.ಪೂ. 520ರಲ್ಲಿ ಪ್ರವಾದಿಗಳಾದ ಹಗ್ಗಾಯನೂ ಜೆಕರ್ಯನೂ ಎಚ್ಚರಿಸಿದ ಮೇಲೆಯೇ ಕೆಲಸ ಪುನಃ ನಡೆದು ಸುಮಾರು 515ರಲ್ಲಿ ಆಲಯ ಪೂರ್ಣಗೊಂಡಿತು. ಕೋರೆಷನು ಹಿಂದಿರುಗಿಸಿದ ಪಾತ್ರೆಗಳ ಪಟ್ಟಿಯಲ್ಲಿ ದೇವರ ಆಜ್ಞೆಗಳ ಕಲ್ಲಿನ ಹಲಗೆಗಳಿದ್ದ ಪೆಟ್ಟಿಗೆಯಾದ ಒಡಂಬಡಿಕೆಯ ಮಂಜೂಷವಿಲ್ಲ ಎಂಬುದನ್ನೂ ಗಮನಿಸಿರಿ. ಅತ್ಯಂತ ಪವಿತ್ರವಾದ ವಸ್ತುವೇ ಇಲ್ಲದೆ ಅವರು ಆರಾಧನೆಯನ್ನು ಮುಂದುವರಿಸಿದರು. ಹಳೆಯ ಭರವಸೆಗಾಗಿ ನೀವು ದುಃಖಿಸುತ್ತಲೇ ಆರಾಧನೆಗೆ ಹೋಗಬಹುದು, ಅದು ಕಪಟವಲ್ಲ.

ಉತ್ತರ (ಹೊಸನಗರ ತಾಲ್ಲೂಕಿನಿಂದ)

ನಾನು ಕ್ರೈಸ್ತನಲ್ಲ, ಆದರೆ ಈ ಚರಿತ್ರೆಯನ್ನು ಆಸಕ್ತಿಯಿಂದ ಓದಿದ್ದೇನೆ, ಏಕೆಂದರೆ ನಮ್ಮದು ಶರಾವತಿ ಮುಳುಗಡೆಯ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು ಊರುಗಳು ಮುಳುಗಿದಾಗ ನಮ್ಮ ಅಜ್ಜ ಬಿಟ್ಟುಬಂದ ಗದ್ದೆಗೆ ಯಾವ ಕೋರೆಷನೂ ನಮ್ಮನ್ನು ಮರಳಿಸಲಾರ. ಹಾಗಾಗಿ ನನ್ನ ಗಮನವೆಲ್ಲ ಬಾಬೆಲಿನಲ್ಲಿಯೇ ಉಳಿದವರ ಮೇಲೆ. ಅವರು ಅಲ್ಲಿ ಹೊಲಗಳನ್ನು ಸಾಗುವಳಿ ಮಾಡುತ್ತ, ತೆರಿಗೆ ತೆರುತ್ತ, ಮಕ್ಕಳಿಗೆ ಯೆಹೋವನ ನಾಮ ಸೇರಿದ ಹೆಸರುಗಳನ್ನಿಡುತ್ತ ಬಾಳಿದ್ದಕ್ಕೆ ಅಲ್-ಯಾಹೂದು ಎಂಬ ಊರಿನ ಮಣ್ಣಿನ ಫಲಕಗಳು ಸಾಕ್ಷಿಯಾಗಿವೆ. ಶತಮಾನಗಳ ಅನಂತರ ಯೆಹೂದ್ಯ ಧರ್ಮಶಾಸ್ತ್ರದ ಚರ್ಚೆಗಳ ಗ್ರಂಥವಾದ ಬಾಬಿಲೋನಿಯದ ತಾಲ್ಮೂದ್ ರೂಪುಗೊಂಡದ್ದೂ ಆ ನೆಲದ ಯೆಹೂದ್ಯರಲ್ಲಿಯೇ. ನಮ್ಮ ಹಿರಿಯರು ಚೌಡಿಯ ಕಲ್ಲನ್ನು ಗಾಡಿಯಲ್ಲಿಟ್ಟು ತಂದು ಹೊಸ ಜಾಗದಲ್ಲಿ ಪೂಜೆ ಮುಂದುವರಿಸಿದರು. ಅಕ್ಕ, ಬೆಂಗಳೂರಿನ ನಿಮ್ಮ ವರ್ಷಗಳನ್ನು ಪೂರಾ ಬರಡೆಂದು ತಳ್ಳಿಹಾಕಬೇಡಿ ಎಂದಷ್ಟೇ ನನ್ನ ಕೋರಿಕೆ.

ಉತ್ತರ (ತೀರ್ಥಹಳ್ಳಿಯಿಂದ)

ಹಿಂದಿನ ಇಬ್ಬರ ಮಾತಿಗೂ ಬುಡದಲ್ಲಿರುವುದು ಪ್ರವಾದಿ ಯೆರೆಮೀಯನ ಗ್ರಂಥದ 28 ಮತ್ತು 29ನೆಯ ಅಧ್ಯಾಯಗಳು. ಕ್ರಿ.ಪೂ. 597ರಲ್ಲಿ ಅರಸ ಯೆಹೋಯಾಖೀನನೊಂದಿಗೆ ಮೊದಲ ಗುಂಪು ಸೆರೆಹೋದ ಮೇಲೆ, ಎರಡೇ ವರ್ಷಗಳಲ್ಲಿ ಎಲ್ಲರೂ ಮರಳುವರೆಂದು ಹನನ್ಯನೆಂಬ ಪ್ರವಾದಿಯು ದೇವಾಲಯದಲ್ಲಿಯೇ ಸಾರಿದನು. ಜನರಿಗೆ ಬೇಕಾಗಿದ್ದ ಮಾತು ಅದೇ. ಯೆರೆಮೀಯನಾದರೋ ಮನೆಗಳನ್ನು ಕಟ್ಟಿರಿ, ತೋಟಗಳನ್ನು ಮಾಡಿರಿ, ನೀವು ಸೆರೆಯಾಗಿ ಹೋದ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ, ಎಪ್ಪತ್ತು ವರ್ಷ ಹಿಡಿಯುತ್ತದೆ ಎಂದು ಪತ್ರ ಬರೆದನು. ನಮ್ಮ ಕ್ಯಾಲೆಂಡರುಗಳಲ್ಲಿ ಅಚ್ಚಾಗುವ, ನಿಮಗೆ ಒಳ್ಳೆಯ ನಿರೀಕ್ಷೆಯನ್ನು ಕೊಡುವೆನೆಂಬ ವಾಕ್ಯವು ಇದೇ ಪತ್ರದ್ದು. ಅದನ್ನು ಓದಿಸಿ ಕೇಳಿದ ವಯಸ್ಕರಲ್ಲಿ ಬಹುಪಾಲು ಜನರು ಬಾಬೆಲಿನ ಮಣ್ಣಿಗೇ ಸೇರಬೇಕಾದವರು. ಹಾಗಿದ್ದೂ ವಾಗ್ದಾನವು ಅವರಿಗೇ ಬಂದಿತು. ಆದ್ದರಿಂದ ಮನಸ್ಸಿಗೆ ಬೇಗನೆ ನೆಮ್ಮದಿ ಸಿಗದಿರುವುದನ್ನು ದೇವರು ಕೈಬಿಟ್ಟ ಗುರುತೆಂದು ಎಣಿಸಲು ನನಗೆ ಸಾಧ್ಯವಾಗುವುದಿಲ್ಲ.

ದಂಡನೆಯ ವಿಚಾರದಲ್ಲಿ, ಜನಾಂಗದ ಬಗ್ಗೆ ಪ್ರವಾದಿಗಳು ಹಾಗೆ ನುಡಿದದ್ದು ನಿಜ. ಆದರೆ ಸೆರೆಯಲ್ಲಿದ್ದ ಪ್ರವಾದಿ ಯೆಹೆಜ್ಕೇಲನೇ, ತಂದೆಗಳು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುತ್ತದೆ ಎಂಬ ಗಾದೆಯನ್ನು ಇನ್ನು ಆಡಬಾರದೆಂದನು. ಕೆಲಸಕ್ಕಾಗಿ ಊರು ಬಿಟ್ಟ ನಿಮ್ಮ ಮೇಲೆ ಒಂದು ರಾಜ್ಯದ ತೀರ್ಪನ್ನು ಹೊರಿಸುವುದು ನ್ಯಾಯವಲ್ಲ.

ಇನ್ನೊಂದು ಎಚ್ಚರಿಕೆ ಅಗತ್ಯ. ಮರಳಿದವರು ಎಜ್ರನ ಹತ್ತನೆಯ ಅಧ್ಯಾಯದಲ್ಲಿ ಅನ್ಯಜನಾಂಗದ ಹೆಂಡತಿಯರನ್ನು ಮಕ್ಕಳೊಂದಿಗೆ ಕಳುಹಿಸಿಬಿಡಲು ನಿರ್ಧರಿಸುತ್ತಾರೆ. ಮರಳಿ ಪಡೆದದ್ದನ್ನು ಪುನಃ ಕಳೆದುಕೊಳ್ಳುವ ಭಯವು ಮನುಷ್ಯರನ್ನು ಎಷ್ಟು ಕಠಿಣರನ್ನಾಗಿ ಮಾಡಬಲ್ಲದೆಂಬುದಕ್ಕೆ ಅದನ್ನು ನಾನು ನೋವಿನಿಂದಲೇ ಓದುತ್ತೇನೆ. ಅದೇ ಬೈಬಲಿನಲ್ಲಿ, ನನ್ನ ಆಲಯವು ಸಮಸ್ತ ಜನಾಂಗಗಳಿಗೂ ಪ್ರಾರ್ಥನಾಲಯವೆನಿಸಿಕೊಳ್ಳುವುದು ಎಂಬ ಯೆಶಾಯ 56ರ ಮಾತೂ ಇದೆ.

ಪ್ರಶ್ನೆ ಕೇಳಿದವರು

ನಿಮ್ಮೆಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಹತ್ತನೆಯ ಅಧ್ಯಾಯ ಅಧ್ಯಯನಕ್ಕೆ ಬರುವ ದಿನ, ಯೆಶಾಯ 56ನ್ನು ಅದರ ಜೊತೆಗೇ ಓದೋಣವೆಂದು ಸಭೆಯ ಹಿರಿಯರನ್ನು ಕೇಳಿಕೊಳ್ಳುತ್ತೇನೆ. ಯೆರೆಮೀಯನ ಪತ್ರವನ್ನು ಈ ರಾತ್ರಿ ಅಮ್ಮನಿಗೆ ಓದಿ ಹೇಳುವೆ.